ಗೌರಕ್ಕ ಒಬ್ಬರೇ ಹೋಗಿದ್ದು

ಬೆನ್ನಿಗೆ ಎಂಟು ಕಿಲೊ ತೊಗರಿಬೇಳೆ ಹೊತ್ತುಕೊಂಡು ನಾಗಪುರದ ಪ್ರತಾಪ ನಗರದ ಗಲ್ಲಿಗಳಲ್ಲಿ ದಿನಾ ಬೆಳಿಗ್ಗೆ ಆರು ಸುತ್ತು ಹಾಕುತ್ತಿದ್ದ ಅರವತ್ತಮೂರು ವರ್ಷದ ಹೆಂಗಸನ್ನು ನಾನು ನನ್ನ ಬಾಲ್ಕನಿಯಿಂದ ಐದು ತಿಂಗಳು ನೋಡಿದ್ದೇನೆ. ಇಳಕಲ್ ಸೀರೆ, ಹಣೆಗೆ ಮೂರು ಬೆರಳಿನ ವಿಭೂತಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಬೆನ್ನ ಮೇಲೆ ನೀಲಿ ಬಣ್ಣದ ದೊಡ್ಡ ಬ್ಯಾಗು. ಬ್ಯಾಗಿನ ಬೆಲ್ಟನ್ನು ಸೊಂಟಕ್ಕೆ ಬಿಗಿದು, ಸೆರಗನ್ನು ಅದರೊಳಗೆ ಸಿಕ್ಕಿಸಿಕೊಂಡು, ಎದುರಿಗೆ ಬಂದವರಿಗೆ ದಾರಿ ಬಿಡದೆ ನಡೆಯುತ್ತಿದ್ದರು. ಮೊದಲ ನಾಲ್ಕು ದಿನ ಬೀದಿನಾಯಿಗಳು ಬೊಗಳಿದವು. ಐದನೆಯ ದಿನ ಅವಕ್ಕೆ ಅಭ್ಯಾಸವಾಯಿತು. ಮನುಷ್ಯರಿಗೆ ಅಭ್ಯಾಸವಾಗಲೇ ಇಲ್ಲ.

ಎದುರು ಮನೆಯ ಕುಲಕರ್ಣಿ ಕಾಕಾ ಧಾರವಾಡದ ಕಡೆಯವರು, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಪೇಪರು ಹಿಡಿದು ಗೇಟಿನ ಹತ್ತಿರವೇ ಕಾಯುತ್ತಿದ್ದರು.

“ಏನ್ ಗೌರಕ್ಕ, ಈ ವಯಸ್ಸಿನ್ಯಾಗ ಹಮಾಲಿ ಕೆಲಸಕ್ಕ ಸೇರಿದ್ರೇನು?”

“ಹೂಂರಿ. ನಿಮ್ಮ ಹೊಟ್ಟಿ ನೀವು ಹೊತ್ಕೊಂಡು ತಿರಗತೀರಿ, ನನ್ನ ಬ್ಯಾಳಿ ನಾ ಹೊತ್ಕೊಂಡು ತಿರಗತೀನಿ.”

ವರ್ಷಕ್ಕಾಗುವ ಬೇಳೆಯನ್ನು ಗೌರಕ್ಕ ಕಳಮನಾ ಮಾರ್ಕೆಟ್ಟಿನಿಂದ ಮೂಟೆಯಲ್ಲೇ ತರಿಸುತ್ತಿದ್ದರು. ಅದರಿಂದ ವಾರಕ್ಕೆ ಅರ್ಧ ಕಿಲೊದಂತೆ ಬ್ಯಾಗಿಗೆ ಏರಿ ಕೊನೆಗೆ ಎಂಟಕ್ಕೆ ಮುಟ್ಟಿತ್ತು. ಮರಳು ತುಂಬಿದರೆ ಸಾಲದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಮರಳು ಮನಿಗೆ ತಂದು ಏನ್ ಮಾಡ್ಲಿ? ಬ್ಯಾಳಿ ಆದ್ರ ತಿರುಗಾಡಿ ಬಂದು ಸಾರಿಗೆ ಹಾಕಬಹುದು” ಎಂದರು. ಈ ತಯಾರಿಯೆಲ್ಲ ವಿಯೆಟ್ನಾಂ ದೇಶದ ಬೆಟ್ಟಗಳಿಗೆ. ಅಲ್ಲಿನ ಬುದ್ಧನ ಗುಡಿಗಳಿಗೆ ಒಬ್ಬರೇ ಹೋಗಿಬರುತ್ತೇನೆ ಎಂದು ಅವರು ಹೇಳಿದಾಗ ನಮ್ಮ ಗಲ್ಲಿಯ ಕನ್ನಡದವರು, ಮರಾಠಿಯವರು, ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ನಾನು ಮೈಸೂರಿನವಳು. ಗಂಡನ ಕೆಲಸದ ಹಿಂದೆ ನಾಗಪುರಕ್ಕೆ ಬಂದು ಧರಮಪೇಠದಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡವಳು. ಹೊಸದಾಗಿ ಬಂದಾಗ ನನ್ನ ಕನ್ನಡ ಕೇಳಿ ಗೌರಕ್ಕ, “ಬರೋಬರ್ ರೇಡಿಯೊ ಹಚ್ಚಿದಂಗ ಆಗತೈತಿ” ಎಂದು ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಆದರೂ ಮೊದಲ ಚಳಿಗಾಲದಲ್ಲಿ ನನಗೆ ರಜಾಯಿ ಹುಡುಕಿಕೊಟ್ಟವರು, ಕೆಲಸದವಳನ್ನು ಗೊತ್ತು ಮಾಡಿಕೊಟ್ಟವರು, ಬೇಸಿಗೆಯ ಬಿಸಿಗಾಳಿ ಬಡಿಯದಂತೆ ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಂಡು ಹೊರಗೆ ಹೋಗು ಎಂದು ಡಾಕ್ಟರಿಗೇ ಮದ್ದು ಹೇಳಿದವರು ಅವರೇ. ಮೂರು ತಿಂಗಳಲ್ಲಿ ನಾನು ‘ಡಾಕ್ಟರ್ ಬಾಯಾರ’ ಹೋಗಿ ‘ಯವ್ವಾ’ ಆದೆ.

ಗೌರಕ್ಕ ವಿಜಯಪುರದ ಕಡೆಯವರು. ರೈಲ್ವೆಯಲ್ಲಿದ್ದ ಗಂಡ ಅವರ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ತೀರಿಕೊಂಡ. ಅವನ ಬದಲಿಗೆ ಸಿಕ್ಕ ನೌಕರಿ ವಾಡಿ, ಸೊಲ್ಲಾಪುರ ಸುತ್ತಿಸಿ ಕೊನೆಗೆ ನಾಗಪುರ ಸ್ಟೇಷನ್ನಿನ ಪಾರ್ಸಲ್ ಆಫೀಸಿಗೆ ತಂದು ನಿಲ್ಲಿಸಿತು. ಯಾರಾದರೂ ‘ಅನುಕಂಪದ ನೌಕರಿ’ ಎಂದರೆ ಉರಿದುಬೀಳುತ್ತಿದ್ದರು. “ಅನುಕಂಪ ಒಂದ ದಿನದ್ದು. ಆಮ್ಯಾಲ ಮೂವತ್ತಾರು ವರ್ಷ ದುಡದಾಕಿ ನಾ” ಎನ್ನುತ್ತಿದ್ದರು. ಆ ದುಡಿಮೆಯಲ್ಲೇ ಪ್ರತಾಪ ನಗರದಲ್ಲಿ ಮನೆ ಕಟ್ಟಿಸಿದರು. ತಮ್ಮನೂ ಅವನ ಹೆಂಡತಿಯೂ ಬೇಗ ಹೋದಾಗ ಅವರ ಮಗ ಮಲ್ಲಿಕಾರ್ಜುನನನ್ನು ಸಾಕಿ, ಓದಿಸಿ, ಮದುವೆ ಮಾಡಿದರು. ಮಲ್ಲು, ಅವನ ಹೆಂಡತಿ, ಎರಡು ಮಕ್ಕಳು ಅವರ ಜೊತೆಯಲ್ಲೇ ಇದ್ದರು.

ಪಾರ್ಸಲ್ ಆಫೀಸು ಅವರ ಕೈಯಲ್ಲೇ ಒಂದು ತಕ್ಕಡಿ ಬಿಟ್ಟುಹೋಗಿತ್ತು. ಏನನ್ನಾದರೂ ಎತ್ತಿದರೆ ತೂಕ ಹೇಳದೆ ಕೆಳಗಿಡುತ್ತಿರಲಿಲ್ಲ. ನನ್ನ ಕೈಚೀಲ ಎತ್ತಿ, “ಎರಡು ಕಿಲೊ ಮುನ್ನೂರು. ಇದರಾಗ ಏನ್ ಕಲ್ಲು ಹೊತ್ಕೊಂಡು ಓಡಾಡತಿ?” ಎಂದಿದ್ದರು. ಮನೆಗೆ ಹೋಗಿ ತೂಗಿದೆ. ಬರೋಬರ್ ಇತ್ತು. ವ್ಯಾಪಾರಿಗಳು ಬಂದು ಐವತ್ತು ಕಿಲೊ ಪೆಟ್ಟಿಗೆಗೆ ನಲವತ್ತು ಬರೆಯಿರಿ ಎಂದು ದುಂಬಾಲು ಬೀಳುತ್ತಿದ್ದರಂತೆ. ಗೌರಕ್ಕ ಒಂದು ದಿನವೂ ಬರೆಯಲಿಲ್ಲ. ಅದಕ್ಕೆ ಅವರಿಗೆ ಸಿಕ್ಕ ಬಹುಮಾನವೆಂದರೆ ‘ಖಡೂಸ್ ಬಾಯಿ’, ಅಂದರೆ ಒರಟು ಹೆಂಗಸು, ಎಂಬ ಹೆಸರು. ಆ ಹೆಸರನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ವಿಯೆಟ್ನಾಂ ಅವರ ತಲೆಗೆ ಹೊಕ್ಕಿದ್ದೂ ಆ ಆಫೀಸಿನಲ್ಲೇ. ನಿವೃತ್ತಿಗೆ ಐದು ವರ್ಷ ಇದ್ದಾಗ ಆ ದೇಶದ ಒಬ್ಬ ಬೌದ್ಧ ಸನ್ಯಾಸಿನಿ ಬುದ್ಧನ ಮೂರ್ತಿಯ ಪೆಟ್ಟಿಗೆಯೊಂದನ್ನು ಕಳಿಸಲು ಬಂದಳಂತೆ. ಇಲ್ಲಿನ ಬೌದ್ಧ ಕ್ಷೇತ್ರ ದೀಕ್ಷಾಭೂಮಿ ನೋಡಲು ಬಂದಿದ್ದವಳು. ಬೂದಿ ಬಣ್ಣದ ನಿಲುವಂಗಿ, ಬೋಳು ತಲೆ, ಹೆಗಲಿಗೆ ಒಂದೇ ಚೀಲ, ಹೆಚ್ಚುಕಡಿಮೆ ಗೌರಕ್ಕನದೇ ವಯಸ್ಸು. ಜೊತೆಗೆ ಯಾರಿದ್ದಾರೆ ಎಂದು ಇವರು ಸನ್ನೆ ಮಾಡಿ ಕೇಳಿದರೆ ಅವಳು ತನ್ನ ಎದೆಗೇ ಬೆರಳು ತೋರಿಸಿ ನಕ್ಕಳಂತೆ. ಹೋಗುವಾಗ ಪಾರ್ಸಲ್ ಚೀಟಿಯೊಂದರ ಹಿಂದೆ ತನ್ನ ಗುಡಿಯ ಹೆಸರು ಬರೆದುಕೊಟ್ಟು, ಬಾ ಎಂದು ಕೈ ಮಾಡಿ ಹೋದಳು.

“ನಮ್ಮೂರ ಬ್ರಾಹ್ಮಣರ ಓಣ್ಯಾಗ ಒಬ್ಬ ಮಡಿ ಅಜ್ಜಿ ಇದ್ಲು” ಎಂದು ಗೌರಕ್ಕ ಹೇಳಿದ್ದರು. “ಗಂಡ ಸತ್ತ ಮ್ಯಾಲ ತಲಿ ಬೋಳಿಸಿ ಮೂಲ್ಯಾಗ ಕುಂಡ್ರಿಸಿದ್ರು. ಸಾಯೂತನಕ ಹೊಸ್ತಿಲ ದಾಟಲಿಲ್ಲ. ಈಕಿದೂ ಅದ ತಲಿ. ಈಕಿ ಜಗತ್ತ ತಿರಗಾಕತ್ತಾಳ! ನನ್ನ ತಲಿ ಯಾರೂ ಬೋಳಿಸಲಿಲ್ಲ ಖರೇ, ಆದ್ರ ನಾನೂ ಮನಿ ಬಿಟ್ರ ಸ್ಟೇಷನ್ನು, ಸ್ಟೇಷನ್ನು ಬಿಟ್ರ ಮನಿ. ಸಾವಿರ ಊರಿಗೆ ಮಂದೀ ಸಾಮಾನು ಕಳಿಸೀನಿ. ನಾ ಎಲ್ಲಿ ಹೋಗೀನಿ ಹೇಳು?”

ಆ ಚೀಟಿಯನ್ನು ಅವರು ಎಂಟು ವರ್ಷ ಜೋಪಾನ ಮಾಡಿದ್ದರು.

ಹೊರಡಲು ಎರಡು ತಿಂಗಳಿದೆ ಎನ್ನುವಾಗ ಮಲ್ಲು ಸಂತ್ರಾ ಬರ್ಫಿಯ ಡಬ್ಬಿ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದ.

“ಡಾಕ್ಟರ್, ಅತ್ತಿ ನಮ್ಮ ಮಾತು ಬಿಲ್ಕುಲ್ ಕೇಳವಲ್ಲಳು. ನಿಮ್ಮದು ಕೇಳತಾಳ. ಒಂದು ಇಸಿಜಿ ತಗದು, ಹಾರ್ಟ್ ವೀಕ್ ಐತಿ, ಗುಡ್ಡ ಹತ್ತಬ್ಯಾಡ್ರಿ ಅಂದುಬಿಡ್ರಿ. ಅಷ್ಟ ಸಾಕು.”

“ಅವರಿಗೆ ಏನೂ ತೊಂದರೆ ಇಲ್ಲದೇ ಇದ್ದರೆ?”

“ಇದ್ರೂ ಇರದಿದ್ರೂ ಹೇಳ್ರಿ.” ಅವನು ಡಬ್ಬಿಯನ್ನು ನನ್ನ ಕಡೆ ಸರಿಸಿದ. “ಅಲ್ಲಿ ಏನರೆ ಆದ್ರ ನಾ ಎಲ್ಲಿಗಂತ ಓಡ್ಲಿ? ನನಗ ಅವ್ವ ಅಂದ್ರೂ ಅಕೀನ, ಅಪ್ಪ ಅಂದ್ರೂ ಅಕೀನ.”

ಮಲ್ಲು ಕೆಟ್ಟವನಲ್ಲ. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವವರು ಯಾರು, ಬೆಳಗಿನ ರೊಟ್ಟಿ ಬಡಿಯುವವರು ಯಾರು ಎಂಬ ಲೆಕ್ಕವೂ ಅವನ ತಲೆಯಲ್ಲಿ ಇದ್ದಿರಬಹುದು. ಆದರೆ ಅವನ ಹೆದರಿಕೆ ನಿಜವಾಗಿತ್ತು. ನಾನು ಒಪ್ಪಿದ್ದು ಯಾಕೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನನಗೂ ಹೆದರಿಕೆಯಿತ್ತು ಎಂಬುದು ಅರ್ಧ ಉತ್ತರ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ. ನಲವತ್ತು ವರ್ಷವಾದರೂ ನಾನು ಒಬ್ಬಳೇ ಒಂದು ರಾತ್ರಿ ಬೇರೆ ಊರಿನಲ್ಲಿ ಕಳೆದವಳಲ್ಲ. ಆ ಹೆಂಗಸಿನ ಬೆನ್ನಿನ ಬ್ಯಾಗು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಇಸಿಜಿ ತೆಗೆದೆ. ಎಲ್ಲ ಸರಿಯಾಗಿತ್ತು. ಕಾಗದ ನೋಡುತ್ತ, “ಹೃದಯದಲ್ಲಿ ಸ್ವಲ್ಪ ವ್ಯತ್ಯಾಸ ಕಾಣ್ತಿದೆ ಗೌರಕ್ಕ, ಬೆಟ್ಟಗುಡ್ಡ ಬೇಡ” ಎಂದು ಹೇಳಿ, ಹಾಗೇ ಚೀಟಿಯಲ್ಲೂ ಬರೆದುಕೊಟ್ಟೆ.

“ಸ್ವಲ್ಪ ಅಂದ್ರ ಎಷ್ಟು?”

“ಸ್ವಲ್ಪ... ಅಂದರೆ ಸ್ವಲ್ಪ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ಆಮೇಲಿನ ನಾಲ್ಕು ದಿನ ಬೆಳಿಗ್ಗೆ ಗಲ್ಲಿಯಲ್ಲಿ ನೀಲಿ ಬ್ಯಾಗು ಕಾಣಲಿಲ್ಲ. ಕುಲಕರ್ಣಿ ಕಾಕಾ, “ಪಾಪ, ಹಾರ್ಟ್ ವೀಕ್ ಅಂತ” ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ನಾನು ಬಾಲ್ಕನಿಗೆ ಹೋಗುವುದನ್ನೇ ಬಿಟ್ಟೆ.

ಐದನೆಯ ದಿನ ಅವರು ಕ್ಲಿನಿಕ್ಕಿಗೆ ಬಂದು, ರೋಗಿಗಳ ಸಾಲಿನಲ್ಲೇ ಕೂತು, ಸರದಿ ಬಂದ ಮೇಲೆ ಒಳಗೆ ಬಂದರು. ಮೇಜಿನ ಮೇಲೆ ಎರಡು ಕಾಗದ ಇಟ್ಟರು.

“ಇದು ನೀ ಕೊಟ್ಟಿದ್ದು. ಇದು ಇನ್ನೊಬ್ಬ ಡಾಕ್ಟರ ಕೊಟ್ಟಿದ್ದು. ಎದಿ ಒಂದ, ತೂಕ ಎರಡು. ಯಾವುದೋ ಒಂದು ತಕ್ಕಡಿ ಕೆಟ್ಟೈತಿ.”

“ನನ್ನದೇ ಗೌರಕ್ಕ.”

“ಕೆಟ್ಟೈತೋ, ಯಾರರೆ ಕೈ ಇಟ್ಟಾರೋ?”

ಕಿಟಕಿಯ ಕಟ್ಟೆಯ ಮೇಲಿದ್ದ, ಮಲ್ಲು ಯಾವಾಗಲೂ ಕೊಳ್ಳುವ ಅಂಗಡಿಯ ಬರ್ಫಿಯ ಖಾಲಿ ಡಬ್ಬಿಯ ಕಡೆ ಅವರೊಮ್ಮೆ ನೋಡಿದರು. ಅಷ್ಟಕ್ಕೇ ಅವರಿಗೆ ಎಲ್ಲ ತಿಳಿಯಿತು. ನನಗೆ ಅಳು ಬಂತು. ತಪ್ಪಾಯಿತು ಎಂದೆ.

“ಅಳಬ್ಯಾಡ. ನನ್ನ ಹೆದರಿಸಾಕ ಗಂಡ ಸತ್ತಾಗಿಂದ ಮಂದಿ ನೋಡಾಕತ್ತಾರ. ಭೂತ ಅಂದ್ರು, ಕಳ್ಳರು ಅಂದ್ರು, ಮಂದಿ ಏನ್ ಅಂತಾರ ಅಂದ್ರು. ಡಾಕ್ಟರ್ ಒಬ್ಬಾಕಿ ಉಳದಿದ್ದಿ, ನೀನೂ ಆತು. ಈಗ ಪೆನ್ನು ತಗಿ. ಇದ್ದದ್ದು ಬರದು ಕೊಡು.”

‘ಪ್ರವಾಸಕ್ಕೆ ಅಡ್ಡಿಯಿಲ್ಲ’ ಎಂದು ಬರೆದು ಸಹಿ ಹಾಕಿದೆ. ನಾನು ಹೇಳಿದ್ದು ಸುಳ್ಳೆಂದು ಮನೆಯವರಿಗೂ ಗಲ್ಲಿಯವರಿಗೂ ನಾನೇ ತಿಳಿಸುತ್ತೇನೆ ಎಂದಾಗ ಅವರು ಬೇಡವೆಂದರು. “ನಿನ್ನ ದವಾಖಾನಿ ಬಾಗಲಾ ಮುಚ್ಚತೈತಿ. ಎದಿ ಕೆಟ್ಟಾಕಿ ಗುಡ್ಡ ಹತ್ತಿದ್ಲು ಅಂತ ಹೇಳ್ಕೊಳ್ಳಿ ಬಿಡು, ನನಗೇನು?” ಮರುದಿನ ಬೆಳಿಗ್ಗೆ ನೀಲಿ ಬ್ಯಾಗು ಮತ್ತೆ ಗಲ್ಲಿಯಲ್ಲಿತ್ತು. ಮಲ್ಲುವಿಗೆ ಅವರು ಒಂದು ಮಾತೂ ಅನ್ನಲಿಲ್ಲ. ರೊಟ್ಟಿ ಬಡಿಯುವುದನ್ನು ಮಾತ್ರ ಅವನಿಗೇ ಕಲಿಸಲು ಶುರು ಮಾಡಿದರು.

ಇಪ್ಪತ್ತೆರಡು ದಿನ ಅವರು ಆ ದೇಶದಲ್ಲಿದ್ದರು. ದಿನಕ್ಕೊಮ್ಮೆ ಫೋನಿನಲ್ಲಿ ಒಂದೇ ಮಾತಿನ ಧ್ವನಿ ಸಂದೇಶ ಬರುತ್ತಿತ್ತು: “ಅದೀನಿ.” ಒಂದು ದಿನ ಅದಕ್ಕೆ “ಮಳಿ ಭಾಳ ಐತಿ” ಎಂದು ಸೇರಿತು. ಆ ದಿನ ಮಲ್ಲು ನಮ್ಮ ಮನೆಗೆ ನಾಲ್ಕು ಸಲ ಬಂದುಹೋದ.

ಬಂದ ಮೇಲೆ ಮೂರು ಸಂಜೆ ನನ್ನ ಬಾಲ್ಕನಿಯಲ್ಲಿ ಕೂತು ಕಥೆ ಹೇಳಿದರು. ದಾಲಾತ್ ಎಂಬ ಊರಿನಿಂದ ಪ್ಲೇಕು ಎಂಬ ಊರಿನವರೆಗೆ ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಹೋಗಿದ್ದರು. ಕೆಂಪು ಮಣ್ಣು, ಕಣ್ಣು ಹಾಯುವಷ್ಟು ದೂರ ಕಾಫಿ ಗಿಡ, ತಿರುವಿಗೊಂದು ಗುಡಿ. ಹುಡುಗ ಹುಡುಗಿಯರು ಇಳಿದುಕೊಳ್ಳುವ ಅಗ್ಗದ ಕೋಣೆಗಳಲ್ಲಿ ಒಂದರ ಮೇಲೊಂದು ಇದ್ದ ಮಂಚ ಏರಿ ಮಲಗಿದ್ದರು. “ರೈಲಿನ ಅಪ್ಪರ್ ಬರ್ತ್ ಏರಿದ ಕಾಲು ಇವು, ಇದೇನ್ ಮಹಾ” ಎಂದು ತಮ್ಮ ಮೊಣಕಾಲಿಗೆ ತಾವೇ ತಟ್ಟಿಕೊಂಡರು.

ಊಟದ್ದೇ ಫಜೀತಿ. ಲಿಂಗ ಕಟ್ಟಿಕೊಂಡ ಶುದ್ಧ ಶಾಕಾಹಾರಿ. ಮೊದಲ ವಾರ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲೇ ಕಳೆದರು. ಅಲ್ಲಿನ ಗುಡಿಗಳಲ್ಲಿ ಹುಣ್ಣಿಮೆಯ ದಿನ ಬರೀ ಸೊಪ್ಪುಸದೆಯ ಊಟ ಹಾಕುತ್ತಾರೆಂದು ಯಾರೋ ಹೇಳಿದ್ದನ್ನು ನಂಬಿ ಹೋಗಿ ಪಂಕ್ತಿಯಲ್ಲಿ ಕೂತರು. ಅವರ ಮುಂದೆ ಒಂದು ಇಡೀ ಮೀನು ತಂದಿಟ್ಟರು. ಚರ್ಮದ ಗೆರೆ, ಬಾಲ, ಎಲ್ಲ ಇತ್ತು.

“ನನಗ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, ದೇವರ ಮುಂದ ಮೀನ ತಿಂತೀರಲ್ಲ, ನಾಚಿಗಿ ಇಲ್ಲೇನು ನಿಮಗ ಅಂತ ಕನ್ನಡದಾಗ ಬೈದೆ. ಬ್ಯಾಗ ಹೊತ್ಕೊಂಡು ಹೊಂಟಬಿಟ್ಟೆ.”

ಅಡುಗೆಮನೆಯ ಮುದುಕಿ ಸನ್ಯಾಸಿನಿ ಹಿಂದೆಯೇ ಓಡಿಬಂದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳಂತೆ. ನೆನೆಸಿದ ಸೋಯಾ ಕಾಳು, ಅದನ್ನು ರುಬ್ಬಿ ತೆಗೆದ ಹಾಲು, ಆ ಹಾಲಿನ ಕೆನೆಯನ್ನು ಪದರ ಪದರವಾಗಿ ಮೀನಿನ ಆಕಾರಕ್ಕೆ ಸುತ್ತುವುದು, ಎಲ್ಲ ತೋರಿಸಿದಳು. ಚಾಕುವಿನಿಂದ ಒಂದನ್ನು ಸೀಳಿ ಒಳಗೆ ಮುಳ್ಳಿಲ್ಲ ನೋಡು ಎಂದಳು. ಗೌರಕ್ಕ ನೆಲಕ್ಕೆ ಕೂತುಬಿಟ್ಟರು.

“ಕೈಯಾಗ ಎತ್ತಿ ನೋಡದನ ತೂಕ ಬರದಬಿಟ್ಟೆ ನೋಡವಾ! ಮೂವತ್ತಾರು ವರ್ಷ ಮಾಡದ ತಪ್ಪು ಬುದ್ಧನ ಗುಡ್ಯಾಗ ಮಾಡಿದೆ.” ಎರಡು ದಿನ ಅಲ್ಲೇ ಉಳಿದು ಆ ಮುದುಕಿಯ ಜೊತೆ ಪಾತ್ರೆ ತಿಕ್ಕಿದರು. ಇವರು ಕೊಟ್ಟ ಕಟಕ ರೊಟ್ಟಿಯನ್ನು ಅವಳು ಬಿಸಿ ಸಾರಿಗೆ ಮುರಿದು ಹಾಕಿಕೊಂಡು ಉಂಡಳಂತೆ.

ಪ್ಲೇಕುವಿನ ಹೊರಗೆ, ಮಳೆಯಲ್ಲಿ ಎರಡು ತಾಸು ನಡೆದು, ಚೀಟಿಯಲ್ಲಿದ್ದ ಗುಡಿ ಮುಟ್ಟಿದರು. ಚಿಕ್ಕ ವಯಸ್ಸಿನ ಸನ್ಯಾಸಿನಿಯರು ಅಕ್ಷರ ಗುರುತು ಹಿಡಿದು ನಕ್ಕರು. ಚೀಟಿ ಬರೆದವಳು ಊರಲ್ಲಿರಲಿಲ್ಲ. ಮತ್ತೆಲ್ಲಿಗೋ ಹೊರಟುಹೋಗಿದ್ದಳು, ಯಾವಾಗ ಬರುತ್ತಾಳೋ ಯಾರಿಗೂ ಗೊತ್ತಿರಲಿಲ್ಲ.

“ಅಷ್ಟು ದೂರ ಹೋಗಿ ಸಿಗಲಿಲ್ಲವಲ್ಲ, ಬೇಜಾರಾಗಲಿಲ್ವಾ?” ಎಂದೆ.

“ಯಾಕ? ಹೋಗಬೇಕು ಅನ್ನಿಸ್ತು, ಅಕಿ ಹೋದ್ಲು. ಹೋಗಬೇಕು ಅನ್ನಿಸ್ತು, ನಾ ಹೋದೆ. ನನ್ನ ಸಲುವಾಗಿ ಅಕಿ ಮನ್ಯಾಗ ಕುಂತು ಕಾಯಬೇಕಿತ್ತೇನು? ನಾ ಕಾದದ್ದು ಸಾಲದಾ?” ಎಂದು ನನ್ನನ್ನೇ ಗದರಿದರು.

ಗೇಟಿನ ಹತ್ತಿರ ಕುಲಕರ್ಣಿ ಕಾಕಾ ಕೇಳಿಯೇ ಕೇಳಿದರು. “ನಮ್ಮ ದೇವರು ಸಾಲದಾಗಿದ್ನೇನ್ರಿ, ಅಲ್ಲಿತನಕ ಹೋದ್ರಿ?”

“ಒಬ್ಬವನ ಮನಿಗೆ ಹೋದ್ರ ಇನ್ನೊಬ್ಬವ ಮುನಿಸ್ಕೊಳ್ಳಾಕ ಅವರೇನ್ ನಿಮ್ಮ ಬೀಗರೇನ್ರಿ?” ಎಂದು ಗೌರಕ್ಕ ನಡೆದೇಬಿಟ್ಟರು.

ಇದಾಗಿ ಹದಿನಾಲ್ಕು ತಿಂಗಳಿಗೆ, ಮಳೆಗಾಲದ ಕೊನೆಯಲ್ಲಿ, ಅವರಿಗೆ ಡೆಂಗಿ ಬಂತು. ಕಾಡಿನ ಮಳೆ, ಜಿಗಣೆ, ಅಪರಿಚಿತ ನೀರು ಯಾವುದೂ ಏನೂ ಮಾಡದ ದೇಹ ಅದು. ಅದಕ್ಕೆ ನಮ್ಮದೇ ಗಲ್ಲಿಯ ನಿಂತ ನೀರಿನ ಸೊಳ್ಳೆ ಸಾಕಾಯಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದ್ದು ಒಂದು ಮಧ್ಯಾಹ್ನ. ಮಲ್ಲು ಕಾಲ ಹತ್ತಿರ ಕೂತಿದ್ದ. “ಅತ್ತಿ, ಆರಾಮ ಆದ ಮ್ಯಾಲ ಇನ್ನ ಎಲ್ಲೂ ಹೋಗಬ್ಯಾಡ” ಎಂದ. “ಹೋದ್ರ ನಿನ್ನ ಕೇಳಿ ಹೋಗಂಗಿಲ್ಲ ತಗೋ” ಎಂದು ಅವನನ್ನು ಚಹಾ ತರಲು ಕಳಿಸಿ, ನನ್ನ ಕಡೆ ತಿರುಗಿದರು.

“ರಕ್ತದ ರಿಪೋರ್ಟ್ ಏನಂತೈತಿ? ಸ್ವಲ್ಪ ಗಿಲ್ಪ ಅನ್ನಬ್ಯಾಡ. ಎಷ್ಟು?”

“ಪ್ಲೇಟ್‌ಲೆಟ್ ಹತ್ತು ಸಾವಿರ ಇದೆ ಗೌರಕ್ಕ. ಒಳಗೆ ರಕ್ತ ಸೋರ್ತಾ ಇದೆ.”

“ಎಷ್ಟಿರಬೇಕು?”

“ಒಂದೂವರೆ ಲಕ್ಷ.”

“ಭಾಳ ಕಮ್ಮಿ ಆತು. ಚಲೋ ಹೇಳಿದಿ” ಎಂದು ನನ್ನ ಕೈ ತಟ್ಟಿ, “ಹೋಗು, ದವಾಖಾನ್ಯಾಗ ಮಂದಿ ಕಾಯಾಕತ್ತಿರತಾರ” ಎಂದರು. ಮರುದಿನ ಹೋದರು.

ಶಿವಗಣಾರಾಧನೆಯ ದಿನ ಅವರ ಮನೆಯ ಪಡಸಾಲೆಯಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದರು. ಅರ್ಧಕ್ಕರ್ಧ ಜನ ನನ್ನ ಕ್ಲಿನಿಕ್ಕಿಗೆ ಬರುವವರೇ. ಪೂಜೆ ಮುಗಿದ ಮೇಲೆ ನಾಲ್ಕು ಮಾತಾಡಲು ಕುಲಕರ್ಣಿ ಕಾಕಾ ಎದ್ದರು. ಹೊಗಳಿದರು. ಆಮೇಲೆ ನಿಟ್ಟುಸಿರು ಬಿಟ್ಟು, “ಏನ್ ಮಾಡೋದು, ಮೊದಲ ಹಾರ್ಟ್ ವೀಕ್ ಇತ್ತು. ಡಾಕ್ಟರ್ ಬರೋಬರ್ ಹೇಳಿದ್ರು, ಹೋಗಬ್ಯಾಡ್ರಿ ಅಂತ. ಒಬ್ಬಾಕೀನ ಹೋಗಿ ದೇಹ ದಣಿಸಿ ಬಂದ್ರು. ಅದಕ್ಕ ಜ್ವರ ತಡಕೊಳ್ಳಾಕ ಆಗಲಿಲ್ಲ. ಹೆಣ್ಣಮಕ್ಕಳಿಗೆ ಅಷ್ಟು ಹಠ ಇರಬಾರದು” ಎಂದರು. ಎಲ್ಲರೂ ತಲೆಯಾಡಿಸಿ ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದರೆ ಅಲ್ಲಿಗೆ ಮುಗಿಯುತ್ತಿತ್ತು.

ಎದ್ದು ನಿಂತೆ.

“ನಾನು ಹೇಳಿದ್ದು ಸುಳ್ಳು” ಎಂದೆ. “ಅವರ ಹೃದಯಕ್ಕೆ ಏನೂ ಆಗಿರಲಿಲ್ಲ. ಇಸಿಜಿ ಸರಿಯಾಗಿತ್ತು. ಅವರನ್ನು ತಡೆಯಬೇಕು ಅಂತ ನಾನು ಸುಳ್ಳು ಬರೆದುಕೊಟ್ಟೆ. ಅವರಿಗೆ ಅದು ಗೊತ್ತಾಯ್ತು. ನನ್ನ ಮರ್ಯಾದೆ ಉಳೀಲಿ ಅಂತ ಯಾರಿಗೂ ಹೇಳಲಿಲ್ಲ. ಅವರು ಹೋಗಿದ್ದು ಡೆಂಗಿಯಿಂದ. ಬೆಟ್ಟ ಹತ್ತಿದ್ದರಿಂದ ಅಲ್ಲ, ಹಠದಿಂದ ಅಲ್ಲ. ನಾಳೆಯಿಂದ ನೀವು ಬೇರೆ ಡಾಕ್ಟರ ಹತ್ತಿರ ಹೋಗಿ, ನಾನು ಬೇಡ ಅನ್ನಲ್ಲ. ಆದರೆ ಅವರ ಹೃದಯ ಕೆಟ್ಟಿತ್ತು ಅಂತ ನನ್ನ ಎದುರಿಗೆ ಯಾರೂ ಹೇಳಬೇಡಿ.”

ಕುಲಕರ್ಣಿ ಕಾಕಾ ನಿಂತೇ ಇದ್ದರು. ಯಾರೋ ಹೆಂಗಸು “ಡಾಕ್ಟರೇ ಹಿಂಗ ಮಾಡಿದ್ರ?” ಎಂದಳು. ಬಾಗಿಲ ಹತ್ತಿರ ಪ್ರಸಾದದ ಪಾತ್ರೆ ಹಿಡಿದು ನಿಂತಿದ್ದ ಮಲ್ಲು ಅದನ್ನು ನೆಲಕ್ಕಿಟ್ಟು ಮುಂದೆ ಬಂದು ನನ್ನ ಪಕ್ಕದಲ್ಲಿ ನಿಂತ.

“ಅವರಿಗೆ ಏನೂ ಅನಬ್ಯಾಡ್ರಿ. ಸುಳ್ಳು ಹೇಳಿಸಿದಾಂವ ನಾ” ಎಂದ. “ನಮ್ಮ ಅತ್ತಿ ಎದಿ ಗಟ್ಟಿ ಇತ್ತು. ಅಂಜಿದ್ದು ನಾನು.”